ರಾಜಕುಮಾರನನ್ನು ಪತ್ತೆಹಚ್ಚಿದ ಲವೋನ್

ಮೂರನೆಯ ದಿನವೂ ಅವನು ಬಂದ. ಬೇಕರಿಯ ಎದುರು ಹಿಮದಲ್ಲಿ ನಿಂತು ಗಾಜಿನೊಳಗೆ ಇಣುಕಿದ. ಲವೋನ್ ಬಿಸ್ಕತ್ತಿನ ಡಬ್ಬಗಳ ಮರೆಗೆ ಬಗ್ಗಿ ಮಗಳ ತೋಳು ಜಗ್ಗಿದಳು.

"ಕಾರಿನ್, ಬಂದ ಕಣೇ! ತಿರುಗ್ಬೇಡ, ತಿರುಗ್ಬೇಡ!"

"ತಿರುಗ್ದೆ ಹೆಂಗಮ್ಮ ನೋಡ್ಲಿ?"

ಕರಿ ಕೋಟು, ಚರ್ಮದ ಕೈಗವಸು. ಸ್ವಲ್ಪ ದೂರದಲ್ಲಿ ಉದ್ದನೆಯ ಕಾರು, ಅದರಲ್ಲಿ ಟೋಪಿ ಹಾಕಿದ ಡ್ರೈವರು. ಅಮೆರಿಕದ ಮಿನೆಸೋಟಾದ ಆ ಊರಿನಲ್ಲಿ ಡ್ರೈವರು ಇಟ್ಟುಕೊಂಡವರು ಯಾರೂ ಇರಲಿಲ್ಲ. ಅವನ ಮಾತಿನ ಧಾಟಿಯೂ ಪರದೇಶದ್ದು. ಲವೋನ್‌ಗೆ ಇಷ್ಟು ಸಾಕಾಗಿತ್ತು. ಅವನು ರಾಜಕುಮಾರ, ಮಾರುವೇಷದಲ್ಲಿ ಬಂದಿದ್ದಾನೆ.

ಸುಮ್ಮನೆ ಹೇಳುವ ಹೆಂಗಸಲ್ಲ ಅವಳು. ಅಕ್ಟೋಬರ್ ಮುಗಿಯುತ್ತಲೇ ಟೀವಿಯಲ್ಲಿ ಶುರುವಾಗುವ ಕ್ರಿಸ್‌ಮಸ್ ಪ್ರೇಮಚಿತ್ರಗಳನ್ನು ಇಪ್ಪತ್ತೆರಡು ವರ್ಷದಿಂದ ಒಂದೂ ಬಿಡದೆ ನೋಡಿದ್ದಳು. ಅವಳ ಅಭಿಪ್ರಾಯಗಳು ಊರಿಗೇ ಗೊತ್ತು. ಫೋನನ್ನು ಕಿವಿಯಿಂದ ಇಳಿಸದ ಪಟ್ಟಣದ ವರ ಚಿತ್ರ ಶುರುವಾದ ಹತ್ತು ನಿಮಿಷದಲ್ಲಿ ಮನೆಗೆ ಹೋಗಬೇಕು. ಮುತ್ತು ಕೊನೆಯ ಎರಡು ನಿಮಿಷಕ್ಕೆ ಮೀಸಲು, ಮುಂಚೆ ಬಂದರೆ ಚಿತ್ರ ಕೆಟ್ಟಿತು. ಹಿಮದಲ್ಲಿ ನಿಂತವರ ಬಾಯಿಂದ ಹಬೆ ಬರದಿದ್ದರೆ ಅದು ಜುಲೈನಲ್ಲಿ ತೆಗೆದದ್ದು, ನಂಬಬಾರದು. ಎಲ್ಲಕ್ಕಿಂತ ಮೇಲು ರಾಜಕುಮಾರನ ಕಥೆಗಳು. ಅವನು ಗುಟ್ಟಾಗಿ ಸಣ್ಣ ಊರಿಗೆ ಬರುತ್ತಾನೆ, ಬೇಕರಿಯವಳ ಕೈರುಚಿಗೆ ಸೋಲುತ್ತಾನೆ.

"ರಾಜಕುಮಾರ ಯಾವ ವೇಷದಲ್ಲೇ ಇರ್ಲಿ, ಐದೇ ನಿಮಿಷಕ್ಕೆ ಹಿಡಿದುಬಿಡ್ತೀನಿ" ಎಂದು ಅವಳು ಚರ್ಚಿನ ಹೆಂಗಸರ ಮುಂದೆ ಕೊಚ್ಚಿಕೊಳ್ಳುತ್ತಿದ್ದಳು.

ಇವನ ವಿಷಯದಲ್ಲಂತೂ ಎಲ್ಲ ಅಚ್ಚೊತ್ತಿದಂತೆ ನಡೆದಿತ್ತು. ಮೊದಲ ದಿನ ಶಾಜೀರಿಗೆ ಹಾಕಿದ ಕಪ್ಪು ಬ್ರೆಡ್ಡಿನ ಒಂದು ತುಂಡು ಬಾಯಿಗಿಟ್ಟವನ ಕಣ್ಣಲ್ಲಿ ನೀರು ಬಂತು. ಇದನ್ನು ಮಾಡಿದವರು ಯಾರು ಎಂದು ಕೇಳಿದ. ಮಾಡಿದವನು ಅವಳ ಗಂಡ ರೂಡಿ. ಲವೋನ್ ಕಣ್ಣು ಮಿಟುಕಿಸದೆ "ನನ್ನ ಮಗಳು" ಅಂದಳು. ಅವನು ಕಾರಿನ್‌ಳ ಮುಖವನ್ನೇ ಬಹಳ ಹೊತ್ತು ನೋಡಿದ. ಎರಡನೆಯ ದಿನ ಮನೆಯಲ್ಲಿ ಯಾರ್‍ಯಾರಿದ್ದೀರಿ ಎಂದು ವಿಚಾರಿಸಿದ. ಹೊರಡುವಾಗ ಕಾರಿನ್‌ಗೆ ತಲೆ ಬಾಗಿಸಿದ, ಲವೋನ್‌ಗೆ ಅದಕ್ಕಿಂತ ತಗ್ಗಿ ಬಾಗಿದ. ಅತ್ತೆಯಾಗುವವಳನ್ನು ಮೊದಲು ಒಲಿಸಿಕೊಳ್ಳುವ ಜಾಣ, ಎಂದುಕೊಂಡಳು ಲವೋನ್.

ಅಡ್ಡಿ ಒಂದೇ. ಡ್ಯಾರಲ್. ರಸ್ತೆಯ ಹಿಮ ತಳ್ಳುವ ಲಾರಿ ಓಡಿಸುವವನು. ಹುಡುಗ ಒಳ್ಳೆಯವನೇ, ಆದರೆ ಮದುವೆಯ ಮಾತನ್ನು ಇಂಜಿನ್ ಆರಿಸದೆ ಲಾರಿಯಲ್ಲಿ ಕೂತೇ ಎತ್ತಿದ್ದ! ಕ್ರಿಸ್‌ಮಸ್ ಹಿಂದಿನ ದಿನದೊಳಗೆ ಉತ್ತರ ಹೇಳುತ್ತೇನೆಂದು ಕಾರಿನ್ ಮಾತು ಕೊಟ್ಟಿದ್ದಳು. ಆ ದಿನ ಇವತ್ತೇ. ಮಗಳು ಹೂಂ ಅಂದುಬಿಟ್ಟರೆ ಏನಾಗುತ್ತದೆಂದು ಲವೋನ್‌ಗೆ ಚೆನ್ನಾಗಿ ಗೊತ್ತಿತ್ತು. ಅಂಥ ಬಾಳನ್ನು ಮೂವತ್ತಾರು ವರ್ಷ ಬಾಳಿದ್ದಳು.

ರೂಡಿ ಯುರೋಪಿನ ಯಾವುದೋ ಬೆಟ್ಟದ ಕಡೆಯವನು. ಒಂದು ಪೆಟ್ಟಿಗೆ ಹಿಡಿದು ಅವಳಪ್ಪನ ಬಳಿ ಕೆಲಸ ಕೇಳಿಕೊಂಡು ಬಂದಾಗ ಅವನಿಗೆ ಒಂದು ಮೊಟ್ಟೆ ಒಡೆಯಲೂ ಬರುತ್ತಿರಲಿಲ್ಲ. ಕೋಟು ಬಿಚ್ಚಿದರೆ ಹಿಂದಕ್ಕೆ ನೋಡದೆ ಕೈಬಿಟ್ಟುಬಿಡುತ್ತಿದ್ದ, ಅದು ನೆಲಕ್ಕೆ ಬೀಳುತ್ತಿತ್ತು. ಗೂಟಕ್ಕೆ ನೇತುಹಾಕುವುದನ್ನು ಕಲಿಸಲು ಅವಳಿಗೆ ಒಂದು ವರ್ಷ ಹಿಡಿಯಿತು. ಮದುವೆಯ ಮಾತೆತ್ತಿದ್ದೂ ಹಿಟ್ಟು ನಾದುತ್ತಲೇ. "ನಾನು ಇಲ್ಲೇ ಇದ್ದುಬಿಡ್ಲಾ?" ಅಂದ, ಅಷ್ಟೇ. ಮಂಡಿಯೂರಲಿಲ್ಲ, ಉಂಗುರ ಇರಲಿಲ್ಲ. ರಾಜಕುಮಾರನ ಚಿತ್ರ ಹಾಕಿದರೆ "ಅಷ್ಟು ದೊಡ್ಡ ಮನೇಲಿ ಸೂಪು ಬಿಸಿಯಾಗಿ ಬರುತ್ತಾ? ಸುಳ್ಳು" ಎಂದು ಗೊಣಗಿ ಪಾತ್ರೆ ತೊಳೆಯಲು ಎದ್ದುಹೋಗುತ್ತಿದ್ದ. ಪಾಪದವನು, ಕೆಟ್ಟವನಲ್ಲ. ಆದರೆ ಅವಳಿಗೆ ಒಮ್ಮೊಮ್ಮೆ ಟೀವಿ ಆರಿಸಿದ ಮೇಲೆ ಅಳು ಬರುತ್ತಿತ್ತು.

ಬಾಗಿಲ ಗಂಟೆ ಕಿಣಿಗುಟ್ಟಿತು. ಅವನು ಒಳಗೆ ಬಂದ. ಇವತ್ತು ಎದೆಯ ಮೇಲೆ ಸಣ್ಣದೊಂದು ಪದಕವೂ ಇತ್ತು.

ಲವೋನ್ ಚಿಟಿಕೆ ಹಿಟ್ಟು ತೆಗೆದು ಮಗಳ ಕೆನ್ನೆಗೆ ಮೆತ್ತಿದಳು. ಅಂಥ ಗಳಿಗೆಯಲ್ಲಿ ಬೇಕರಿಯವಳ ಕೆನ್ನೆಯ ಮೇಲೆ ಹಿಟ್ಟು ಇರಲೇಬೇಕು.

"ಅಮ್ಮಾ, ಏನ್ ಮಾಡ್ತಿದ್ದೀಯ!"

"ಸುಮ್ನೆ ಮುಂದೆ ಹೋಗಿ ನಿಂತ್ಕೋ. ನಗು."

"ಅಮ್ಮಾ, ಕೇಳು. ಡ್ಯಾರಲ್‌ಗೆ ಬೆಳಿಗ್ಗೇನೇ ಹೂಂ ಅಂದೆ."

ಲವೋನ್ ಹಣೆ ಚಚ್ಚಿಕೊಂಡಳು. ಬಂದವನು ಎದುರಿಗೇ ನಿಂತಿದ್ದಾನೆ ಎಂಬುದೂ ಮರೆತುಹೋಯಿತು.

"ಅಯ್ಯೋ ಪೆದ್ದಿ! ಹೋಗಿ ಹೋಗಿ ನಿಮ್ಮಪ್ಪನಂಥವನನ್ನೇ ಹುಡುಕ್ಕೊಂಡೆಯಲ್ಲೇ!"

"ಹೂಂ ಅಂದಿದ್ದೇ ಅದಕ್ಕಮ್ಮ" ಎಂದಳು ಕಾರಿನ್.

ಆಗಲೇ ರೂಡಿ ಬಿಸಿ ಬ್ರೆಡ್ಡಿನ ತಟ್ಟೆ ಹಿಡಿದು ಹಿಂದಿನ ಕೋಣೆಯಿಂದ ಹೊರಗೆ ಬಂದ. ಬಂದವನನ್ನು ಕಂಡು ಅವನ ಮುಖ ಬಿಳಿಚಿಕೊಂಡಿತು. ಆಗಂತುಕ ಕೈಗವಸು ಕಳಚಿದ. ಕಾರಿನ್‌ಳನ್ನು ದಾಟಿ ಮುಂದೆ ನಡೆದ. ಹಿಟ್ಟು ಚೆಲ್ಲಿದ ನೆಲದ ಮೇಲೆ, ಏಪ್ರನ್ ಕಟ್ಟಿದ್ದ ಮುದುಕನ ಮುಂದೆ ಮಂಡಿಯೂರಿದ.

"ಮಹಾಪ್ರಭು, ತಮ್ಮ ಅಣ್ಣನವರು ಪಟ್ಟ ಬಿಟ್ಟುಕೊಟ್ಟಿದ್ದಾರೆ, ಸಿಂಹಾಸನ ತಮಗಾಗಿ ಕಾದಿದೆ" ಎಂದ. ಆಮೇಲೆ ಲವೋನ್‌ಳ ಕಡೆ ತಿರುಗಿ ತಲೆಯನ್ನು ಇನ್ನಷ್ಟು ತಗ್ಗಿಸಿದ. "ತಮ್ಮ ಅಪ್ಪಣೆಯಾಗಲಿ, ಮಹಾರಾಣಿ."