ಬೆಳಗಿನ ಕೈ

ಹಿಮಾಯತ್‌ನಗರದ ಡಾಕ್ಟರ್ ಹನುಮಂತರಾಯರ ಮನೆಯ ಬೆಲ್ಲನ್ನು ಸಂಪದಾ ಮೊಣಕೈಯಿಂದ ಒತ್ತಿದಳು. ಬೆಳಿಗ್ಗೆ ಏಳು ಗಂಟೆ. ಕೆಳಗಿನ ಕ್ಲಿನಿಕ್ಕಿಗೆ ಬೀಗ ಹಾಕಿತ್ತು. ಡಾಕ್ಟರ ಸಂಸಾರ ಇದ್ದದ್ದು ಮೇಲಿನ ಮಹಡಿಯಲ್ಲಿ. ಅವಳ ಕೂದಲು ಬಿಚ್ಚಿಕೊಂಡಿತ್ತು, ನೈಟಿಯ ಮೇಲೆ ಹೇಗೋ ಒಂದು ಶಾಲು. ಜಡೆ ಹೆಣೆಯಲು, ಗುಂಡಿ ಹಾಕಲು ಬೆರಳು ಮಡಚಬೇಕಲ್ಲ. ಹಿಂದೆ ನಿಂತಿದ್ದ ಗಂಡ ಕೇದಾರ, ಪರಿಚಯದವರು ಯಾರಾದರೂ ನೋಡಿಯಾರೆಂದು ಮೆಟ್ಟಿಲ ಕೆಳಗೆ ಇಣುಕುತ್ತಿದ್ದ.

"ಇದೇನ್ ಅವತಾರ, ಸಂಪದಾ? ನಡಿ, ಸಂಜೀಗೆ ಬರೋಣು. ಆಫೀಸಿನ ಕ್ವಾಲಿಸ್ ಗಾಡಿ ಬರೂ ಹೊತ್ತಾತು."

"ಬರಲಿ. ನೀ ಹತ್ತಿ ಹೋಗು."

ಸಂಜೆಗೆ ಬಂದದ್ದು ಆಗಿತ್ತು, ಒಂದಲ್ಲ ಮೂರು ಸಲ. ಪ್ರತಿ ಸಲವೂ ಡಾಕ್ಟರು ತಮ್ಮ ಕೈ ಚಾಚಿ "ಬಿಗಿಯಾಗಿ ಹಿಡಿ" ಅನ್ನುತ್ತಿದ್ದರು. ಬೆಳಿಗ್ಗೆ ಸೆಟೆದಿರುತ್ತಿದ್ದ ಕೈ ಸಂಜೆಗೆ ಹಿಡಿಯುತ್ತಿತ್ತು. ರಕ್ತದ ರಿಪೋರ್ಟೂ ಚೊಕ್ಕಟ. ಕಂಪ್ಯೂಟರ್ ಕೆಲಸದ ಟೆನ್ಷನ್, ಯೋಗ ಮಾಡು ಎಂದು ಕಳಿಸುತ್ತಿದ್ದರು. ನೋವು ಎಷ್ಟಿದೆ ಎಂದು ಕೇಳಿದರೆ, "ಭಾಳೇನ್ ಇಲ್ರಿ" ಎಂದು ಕೇದಾರನೇ ಉತ್ತರ ಕೊಡುತ್ತಿದ್ದ. ನೋವು ಅವನ ಕೈಯಲ್ಲೇ ಇತ್ತೇನೋ, ಯಾರಿಗೆ ಗೊತ್ತು.

ಮಾದಾಪುರದ ಕಂಪನಿಯಲ್ಲಿ ಸಂಪದಾಳ ಕೆಲಸವೇ ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹಿಡಿಯುವುದು. ಬರೆದವರು ಒಪ್ಪುವ ಜಾತಿಯವರಲ್ಲ. "ಆ ತಪ್ಪು ನನ್ನ ಕಂಪ್ಯೂಟರಿನ್ಯಾಗ ಬರವಲ್ದು" ಎಂದು ಕೈತೊಳೆದುಕೊಳ್ಳುತ್ತಾರೆ. ಬರೆಯುವವರ ಪೈಕಿಯೇ ಆದ ಕೇದಾರ, ನಿನ್ನೆ ಊಟಕ್ಕೆ ಕೂತಾಗ ಹೆಂಡತಿಯ ಬೆರಳುಗಳಿಗೂ ಅದೇ ತೀರ್ಪು ಕೊಟ್ಟಿದ್ದ: "ನಾ ನೋಡಿದಾಗೆಲ್ಲಾ ನೆಟ್ಟಗ ಇರ್ತಾವಲ್ಲ." ಅವನು ಏಳುವ ಹೊತ್ತಿಗೆ ಅವಳು ಬಿಸಿನೀರಿನಲ್ಲಿ ಕೈ ಅದ್ದಿ, ಹಲ್ಲು ಕಚ್ಚಿ ಬೆರಳು ಬಿಡಿಸಿಕೊಂಡು, ಚಹಾ ಮಾಡಿಟ್ಟಿರುತ್ತಿದ್ದಳು. ಇಂದು ಬಿಸಿನೀರು ಮುಟ್ಟಲಿಲ್ಲ. ತಪ್ಪನ್ನು ಅದು ಇರುವಾಗಲೇ ತೋರಿಸಬೇಕು ಎಂಬುದು ಅವಳ ಕಸುಬಿನ ಮೊದಲ ಪಾಠ. ಗಂಡನನ್ನು ಎಬ್ಬಿಸಿ ನೇರ ಇಲ್ಲಿಗೆ ಹೊರಡಿಸಿದ್ದಳು.

ಹನುಮಂತರಾಯರು ಬನಿಯನ್ನಿನಲ್ಲೇ ಬಾಗಿಲು ತೆಗೆದರು.

"ಏನವಾ ತಂಗಿ, ಇಷ್ಟ್ ಲಗೂನ? ನನ್ನ ಟೈಮ್ ಸಂಜೀ ಆರಕ್ಕ ಐತಿ."

"ನನ್ನ ರೋಗದ ಟೈಮ್ ಈಗ ಐತ್ರಿ. ಸಂಜೀಗೆ ಅದು ನಿಮ್ಮ ಮುಂದ ಬರೂದಿಲ್ಲ."

"ರಿಪೋರ್ಟ್ ಎಲ್ಲಾ ನಾರ್ಮಲ್ ಬಂದಾವ. ರಕ್ತ ಸುಳ್ಳು ಹೇಳೂದಿಲ್ಲ ನೋಡವಾ."

"ಹಂಗಾರ ನಾ ಹೇಳಾಕತ್ತೀನೇನ್ರಿ?"

ಡಾಕ್ಟರಿಗೆ ಈ ಮಾತು ರುಚಿಸಲಿಲ್ಲ. ಅವಳನ್ನು ಬಿಟ್ಟು ಕೇದಾರನ ಕಡೆ ತಿರುಗಿದರು. "ನೋವು ಭಾಳ ಹೆಚ್ಚಾಗೇದೇನಪಾ?"

"ಅಷ್ಟೇನ್ ಇಲ್ರಿ, ಸ್ವಲ್ಪ..."

"ಕೈ ನಿಂದೇನು?" ಸಂಪದಾಳ ದನಿ ಏರಲಿಲ್ಲ. ಸಿಟ್ಟು ಮಾತ್ರ ನೆತ್ತಿಗೇರಿತ್ತು. "ನೋವು ನನಗ. ಕೇಳಾವ್ರು ಅವರು, ಹೇಳಾಂವ ನೀ. ನಡುವ ನಾ ಯಾಕ ಬರಬೇಕು? ಡಾಕ್ಟ್ರೇ, ಆ ರಿಪೋರ್ಟನ್ನ ಮಂಚದ ಮ್ಯಾಲೆ ಮಲಗ್ಸಿ ಅದಕ್ಕ ಔಷಧ ಕೊಡ್ರಿ. ನಾ ಮನ್ಯಾಗ ಇರ್ತೀನಿ."

ಕೇದಾರ ಮತ್ತೆ ಮೆಟ್ಟಿಲ ಕೆಳಗೆ ಇಣುಕಿದ. ಹನುಮಂತರಾಯರು ಒಳಗೆ ಹೋಗಿ, ಚೀಟಿಯ ಮೇಲೆ ಏನೋ ಗೀಚಿಕೊಂಡು ಬಂದರು. ಅವರ ಕಣ್ಣು ಆಗಲೂ ಚೀಟಿಯ ಮೇಲೇ ಇತ್ತು.

"ಇನ್ನೊಮ್ಮೆ ರಕ್ತ ತಪಾಸ್ ಮಾಡಿಸ್ರಿ. ರಿಪೋರ್ಟ್ ತೊಗೊಂಡು ಸಂಜೀಗೆ ಬರ್ರಿ. ಹಿಡಿ ತಂಗಿ."

ಸಂಪದಾ ಶಾಲಿನೊಳಗಿಂದ ಎರಡೂ ಕೈ ಹೊರತೆಗೆದು ಮುಂದೆ ಚಾಚಿದಳು. ಗೆಣ್ಣುಗಳು ಊದಿದ್ದವು. ಬೆರಳುಗಳು ಮಡಚಲೂ ಇಲ್ಲ, ಪೂರ್ತಿ ಬಿಚ್ಚಲೂ ಇಲ್ಲ. ಡಾಕ್ಟರು ಇಟ್ಟ ಚೀಟಿ ಅವುಗಳ ಮೇಲೆ ಒಂದು ಕ್ಷಣ ನಿಂತು, ಜಾರಿ, ಹೊಸ್ತಿಲ ಮೇಲೆ ಬಿತ್ತು.

ಕೇದಾರ ತಟ್ಟನೆ ಬಗ್ಗಿದ.

"ಮುಟ್ಟಬ್ಯಾಡ," ಅಂದಳು ಸಂಪದಾ, ಚಾಚಿದ ಕೈಗಳನ್ನು ಹಾಗೇ ಹಿಡಿದುಕೊಂಡು. "ಅದು ಅಲ್ಲೇ ಬಿದ್ದಿರಲಿ. ಇಬ್ರೂ ಇಲ್ಲೆ ನೋಡ್ರಿ."