ಬೀಡಿಯ ಆಣೆ

ಎರಡು ಹೆಜ್ಜೆ ನಡೆದರೆ ಹೆಂಡತಿಗೆ ಏದುಸಿರು. ಅದಕ್ಕೆ ಗಂಡ ಮನೆಯೊಳಗೆ ಸೇದುವ ಬೀಡಿಯೇ ಕಾರಣ ಎಂದು ಅವಳ ಅಣ್ಣ ಬೈಯುತ್ತಿದ್ದ.

"ರಕ್ತದಲ್ಲಿ ಒಂದು ಪ್ರೋಟೀನ್ ನೋಡ್ತೀವಿ," ಎಂದರು ಡಾಕ್ಟರಮ್ಮ. "ಅದು ತೀರಾ ಏರಿದ್ದರೆ ತೊಂದರೆ ಹೃದಯದ್ದು. ಇಲ್ಲದಿದ್ದರೆ ಶ್ವಾಸಕೋಶ ನೋಡಬೇಕು."

ಗಂಡ ಹೆಂಡತಿಯ ತಲೆ ಮುಟ್ಟಿದ. "ಶ್ವಾಸಕೋಶ ಅಂತ ಬರಲಿ, ನಿನ್ನಾಣೆಗೂ ಬೀಡಿ ಬಿಡ್ತೀನಿ!"

ಸಂಜೆ ವರದಿ ಬಂತು. ಪ್ರೋಟೀನ್ ವಿಪರೀತ ಏರಿತ್ತು.

"ಹೃದಯ ಸೋತಿದೆ," ಎಂದರು ಡಾಕ್ಟರಮ್ಮ. "ಆದರೆ ಹೊಗೆ ಇದಕ್ಕೂ ಕೆಟ್ಟ..."

"ಕೇಳಿಸ್ಕೊಂಡ್ಯೇನೇ? ಹಾರ್ಟಂತೆ! ನಿಮ್ಮಣ್ಣ ಸುಮ್ಮನೆ ನನ್ನ ಬೀಡಿ ಮೇಲೆ ಹಾಕ್ತಿದ್ದನಲ್ಲ!" ಗಂಡ ಬೆಂಕಿಪೊಟ್ಟಣ ತಡಕುತ್ತ ಹೊರಗೆ ಹೋದ.

ಹೆಂಡತಿ ಏದುಸಿರಿನಲ್ಲೇ ಡಾಕ್ಟರಮ್ಮನ ಕೈ ಹಿಡಿದಳು.

"ಅಮ್ಮಾ, ಶ್ವಾಸಕೋಶ ಅಂತ ಬರೆದುಕೊಡಿ."