ಟೆಂಪರರಿ ಅಂದ್ರೇನವಾ

ಮುಲುಂಡಿನ ಈ ಬಿಲ್ಡಿಂಗಿನಲ್ಲಿ ಯಾರಾದರೂ ಶೇಂಗಾ ಹುರಿದರೆ ನನಗೆ ಇಂದಿಗೂ ಬೈಕುಲ್ಲಾ ಚಾಳಿನ ಆ ಮಧ್ಯಾಹ್ನ ನೆನಪಾಗುತ್ತದೆ. ಗಂಡ ತೀರಿಕೊಂಡ ಮೇಲೆ ಸೋದರತ್ತೆ ಧಾರವಾಡದಿಂದ ನಮ್ಮಲ್ಲಿಗೆ ಬಂದಿದ್ದರು. ಅವರಿಗೆ ತಿಳಿಯಬಾರದ ಮಾತನ್ನು ಅಪ್ಪ, ಅವ್ವ ಇಂಗ್ಲಿಷಿನಲ್ಲಿ ಆಡುತ್ತಿದ್ದರು.

ಹುರಿದ ಶೇಂಗಾದ ಸಿಪ್ಪೆ ತಿಕ್ಕುತ್ತ ಅತ್ತೆ ಕೇಳಿದರು, “ಟೆಂಪರರಿ ಅಂದ್ರೇನವಾ? ನಿಮ್ಮಪ್ಪ ದಿನಾ ಅಂತಾನಲ್ಲ.”

“ಸ್ವಲ್ಪ ದಿನದ ಮಟ್ಟಿಗೆ ಅಂತ, ಅತ್ತಿ.”

ಬರೀ ಮೀನಿಂಗ್ ಹೇಳಿದರೆ ನಮ್ಮ ಕಾನ್ವೆಂಟಿನ ಸಿಸ್ಟರ್ ಒಪ್ಪುತ್ತಿರಲಿಲ್ಲ; ಸೆಂಟೆನ್ಸ್ ಮಾಡಲೇಬೇಕು. ನಾನು ಜಂಬದಿಂದ ಮಾಡಿದೆ: “ಅತ್ತಿ ನಮ್ಮನ್ಯಾಗ ಟೆಂಪರರಿ ಇದ್ದಾರ.”

“ಶ್ಯಾಣ್ಯಾಕಿ ಇದ್ದೀ,” ಎಂದು ಅತ್ತೆ ನನ್ನ ಗಲ್ಲ ಸವರಿದರು. ಆಮೇಲೆ ಗ್ಯಾಲರಿಗೆ ಹೋಗಿ, ಇನ್ನೂ ಹಸಿಯಿದ್ದ ತಮ್ಮ ಸೀರೆಯನ್ನು ಹಗ್ಗದಿಂದ ತೆಗೆದು, ಮಡಚಿ ಟ್ರಂಕಿಗೆ ಹಾಕಿದರು. ಮುಚ್ಚಳ ಎತ್ತಿ ಹಿಡಿದವಳು ನಾನೇ.